ಗುರುತು ಸಿಗದೆ ಹೀರಾಬಿ ಕೂಸು ಕೊಡುವುದಿಲ್ಲ

ದವಸದ ಮಾರುಕಟ್ಟೆ ಗಂಜ್‌ನ ಹಿಂದಿನ ಓಣಿಯಲ್ಲಿ ಇನ್ನೂ ಮಬ್ಬುಗತ್ತಲು. ಹತ್ತಿ ಮಿಲ್ಲಿನ ಕಡೆಯಿಂದ ಮೊದಲ ಲಾರಿಯ ಸದ್ದು ಕೇಳುವ ಹೊತ್ತಿಗೆ ಹೀರಾಬಿ ನೆಲ ಒರೆಸಿ, ಚಾಪೆ ಹಾಸಿ, ಹಂಡೆಗೆ ನೀರು ತುಂಬಿಸಿ ಮುಗಿಸಿದ್ದಾರೆ. ಮೇ ತಿಂಗಳ ರಾಯಚೂರು; ರಾತ್ರಿಯೆಲ್ಲ ಕಳೆದರೂ ಗೋಡೆಯ ಕಾವು ಆರಿಲ್ಲ. ಯಾರೋ ಬಾಗಿಲು ಬಡಿಯುತ್ತಾರೆ.

"ಕೌನ್? ಯಾರು?" ಹೀರಾಬಿ ಎರಡೂ ಭಾಷೆಯಲ್ಲಿ ಕೇಳುತ್ತಾರೆ. ಚಿಲಕಕ್ಕೆ ಮಾತ್ರ ಕೈ ಹಾಕುವುದಿಲ್ಲ.

"ನಾನ್ರೀ, ಗೋಪಮ್ಮ."

ಗಂಜ್‌ನಲ್ಲಿ ಕಾಳು ಹಸನು ಮಾಡುವ ಗೋಪಮ್ಮ ಮೊಮ್ಮಗನನ್ನು ಬಿಡಲು ಬಂದಿದ್ದಾರೆ. ಬಾಗಿಲು ಅರ್ಧ ತೆರೆಯುತ್ತದೆ. ಹೀರಾಬಿಯ ಕಣ್ಣು ಗೋಪಮ್ಮನನ್ನು ದಾಟಿ, ಹಿಂದೆ ಬೈಕಿನ ಮೇಲೆ ಕುಳಿತ ಯುವಕನ ಮೇಲೆ ನಿಲ್ಲುತ್ತದೆ.

"ಅವ ಯಾರು?"

"ನಮ್ಮ ಅಣ್ಣನ ಮಗರೀ. ನಮ್ಮನ್ನ ಬಿಟ್ಟು ಹೋಗಾಕ ಬಂದಾನ."

"ಸಂಜೀಕ ಕೂಸು ಕರ್ಕೊಂಡು ಹೋಗಾಕೂ ಇವನೇ ಬರ್ತಾನೇನು? ಬರೋದಿದ್ರ ಈಗ್ಲೇ ಹೇಳು, ಮುಖ ನೋಡಿ ಇಟ್ಕೊಂತೀನಿ. ಆಮ್ಯಾಲೆ ಬಂದು ನಾನೂ ಅವರ ಪೈಕಿ ಅಂದ್ರ ಕೊಡಂಗಿಲ್ಲ."

ಯುವಕ ನಗುತ್ತಾನೆ. ಹೀರಾಬಿ ನಗುವುದಿಲ್ಲ.

ಅರವತ್ತರ ಹತ್ತಿರದ ಹೀರಾಬಿ ದುಡಿಯಲು ಹೋಗುವ ಹೆಂಗಸರ ಮಕ್ಕಳನ್ನು ತಮ್ಮ ಮನೆಯ ಹೊರಕೋಣೆಯಲ್ಲಿ ನೋಡಿಕೊಳ್ಳಲು ತೊಡಗಿ ಇಪ್ಪತ್ತು ವರ್ಷ ದಾಟಿದೆ. ಗಂಡ ವಲಿ ಪಾಷಾ ಗಂಜ್‌ನಲ್ಲಿ ಮೂಟೆ ಹೊರುವ ಹಮಾಲರಾಗಿದ್ದವರು, ಸೊಂಟ ಹಿಡಿದು ಈಗ ಮನೆಯಲ್ಲೇ ಇದ್ದಾರೆ. ಉಣಿಸುವುದು, ತೊಳೆಯುವುದು, ಮಲಗಿಸುವುದು, ಕಚ್ಚಾಡುವವರನ್ನು ಬಿಡಿಸುವುದು ಎಲ್ಲ ಹೀರಾಬಿಯದೇ. ಕರೆಂಟ್ ಹೋದಾಗ ಬೀಸಣಿಗೆ ಹಿಡಿಯುವುದಷ್ಟೇ ವಲಿ ಪಾಷಾರ ಪಾಲು. ನಲ್ಲಿ ನೀರು ಬಾರದ ದಿನ ಹೀರಾಬಿ ಮಂಡಿನೋವು ಹಿಡಿದುಕೊಂಡೇ ಬೋರ್‌ವೆಲ್ಲಿನಿಂದ ಕೊಡ ಹೊರುತ್ತಾರೆ.

ಓಣಿಯಲ್ಲಿ ಅವರಿಗೆ ಇನ್ನೊಂದು ಹೆಸರಿದೆ: ಸಂಶಯದ ಹೀರಾಬಿ. ಹೆಸರು ಸುಮ್ಮನೆ ಬಂದದ್ದಲ್ಲ. ಹೊಸ ಹಾಲಿನವನು ಬಂದರೆ ಎಲ್ಲಿಯವನು, ಯಾರ ಮಗ ಎಂದು ಕೇಳುತ್ತಾರೆ. ಮಕ್ಕಳಿಗೆ ಯಾರಾದರೂ ಬಿಸ್ಕತ್ತು ಕೊಟ್ಟರೆ ಮೊದಲು ತಾವೇ ಮೂಸಿ ನೋಡುತ್ತಾರೆ. ಈ ಲೇಖನಕ್ಕಾಗಿ ಮಾತನಾಡಿಸಲು ಹೋದ ಪತ್ರಿಕೆಯವರನ್ನೂ ಮೊದಲ ದಿನ ಹೊರಗೇ ನಿಲ್ಲಿಸಿದರು. ಗುರುತಿನ ಚೀಟಿ ತಿರುವಿ ಮುರುವಿ ನೋಡಿ, ಅದರಲ್ಲಿದ್ದ ನಂಬರಿಗೆ ಗಂಡನಿಂದ ಫೋನ್ ಮಾಡಿಸಿದರು. "ಆ ಸಾಲಿಯವರು ಕಳಿಸ್ಯಾರೇನು ನಿಮ್ಮನ್ನ?" ಎಂದು, ಈ ರಜೆಯಲ್ಲಿ ತಮ್ಮ ಮಕ್ಕಳನ್ನು ಸೆಳೆದುಕೊಂಡ ಶಾಲೆಯ ಮೇಲಿನ ಗುಮಾನಿಯಿಂದ ಎರಡೆರಡು ಸಲ ಕೇಳಿದರು. ಒಳಗೆ ಬಿಟ್ಟ ಮೇಲೂ ಮಕ್ಕಳ ಫೋಟೊ ತೆಗೆಯಲು ಒಪ್ಪಲಿಲ್ಲ.

ಇದು ತಂದೆಯಿಂದ ಬಂದ ಗುಣ ಎನ್ನುತ್ತಾರೆ ಅವರು. ತಂದೆ ಮಾನ್ವಿಯ ಹತ್ತಿ ಮಿಲ್ಲೊಂದರಲ್ಲಿ ಗೇಟು ಕಾಯುತ್ತಿದ್ದರು. "ಸಾವುಕಾರ್ರ ಅಳಿಯ ಬಂದ್ರೂ ಚೀಟಿ ತೋರ್ಸು ಅಂತಿದ್ದ ನಮ್ಮಪ್ಪ. ಬೈಸ್ಕೊಂತಿದ್ದ, ಬಿಡ್ತಿರಲಿಲ್ಲ. ಅಲ್ಲಿ ಇದ್ದದ್ದು ಹತ್ತಿ. ನನ್ನತ್ರ ಇರೋದು ಕೂಸುಗಳು, ನಾನ್ಯಾಕ ಬಿಡ್ಲಿ?"

ಬೇಸಿಗೆ ರಜೆ ಎಂದರೆ ಹೀರಾಬಿಗೆ ಸುಗ್ಗಿ. ಶಾಲೆ ಮುಚ್ಚಿದ ಕೂಡಲೇ ದೊಡ್ಡ ಮಕ್ಕಳೂ ಬಂದು ಕೋಣೆ ತುಂಬುತ್ತಿತ್ತು. ಈ ವರ್ಷ ಹಾಗಾಗಲಿಲ್ಲ. ರೈಲ್ವೆ ಗೇಟಿನ ಆಚೆಗಿರುವ ಒಂದು ಖಾಸಗಿ ಶಾಲೆ ಏಪ್ರಿಲ್‌ನಲ್ಲಿ ಬ್ಯಾನರ್ ಕಟ್ಟಿತು: ರಜೆಯಲ್ಲಿ ಮಕ್ಕಳನ್ನು ನಮ್ಮಲ್ಲಿ ಬಿಡಿ, ಆಟ, ಚಿತ್ರ, ಮಧ್ಯಾಹ್ನದ ಊಟ, ದೊಡ್ಡ ಕೂಲರ್. ಕೇಳಿದ ಹಣ ಹೀರಾಬಿ ಪಡೆಯುವುದರ ಅರ್ಧ.

ಹೀರಾಬಿಗೆ ಅಂದೇ ಅನುಮಾನ ಹುಟ್ಟಿತು. "ಅಕ್ಕಿ ರೇಟು ಅವರಿಗೂ ಅಷ್ಟೇ, ನನಗೂ ಅಷ್ಟೇ. ಅರ್ಧಕ್ಕ ಹ್ಯಾಂಗ ನೋಡ್ಕೊಂತಾರ? ಏನೋ ಒಂದು ಕಡಿಮಿ ಮಾಡಿರ್ಬೇಕು. ಏನು ಅಂತ ತಿಳೀಲಿಲ್ಲ ನನಗ." ತಿಳಿಯಲೆಂದು ಬುರ್ಖಾ ಹಾಕಿಕೊಂಡು ಶಾಲೆಯ ಮುಂದೆ ಎರಡು ಸಲ ಅಡ್ಡಾಡಿ ಬಂದರು. ಮಧ್ಯಾಹ್ನ ಅಷ್ಟೂ ಮಕ್ಕಳು ಸದ್ದಿಲ್ಲದೆ ಮಲಗಿದ್ದು ಕಿಟಕಿಯಲ್ಲಿ ಕಂಡು, ಏನಾದರೂ ಔಷಧಿ ಕುಡಿಸುತ್ತಾರೇನೋ ಎಂದು ಓಣಿಯಲ್ಲಿ ಅಂದೂಬಿಟ್ಟರು. ವಲಿ ಪಾಷಾ ಬೈದರು. "ಔಷಧಿ ಮಾತು ತಪ್ಪು ಇತ್ತು," ಎಂದು ಈಗ ಹೀರಾಬಿ ಒಪ್ಪುತ್ತಾರೆ. "ಬೆಳಿಗ್ಗಿಂದ ಕುಣಿದು ಸೋತು ಮಲಗಿದ್ವು, ಅಷ್ಟೇ. ಬಾಯಿಂದ ಬಂತು, ಕೆಟ್ಟಾತು."

ಒಬ್ಬೊಬ್ಬರಾಗಿ ಮಕ್ಕಳು ಹೋದರು. ಹೆಚ್ಚು ನೋವಾದದ್ದು ಭೂಮಿಕಾ ಹೋದಾಗ.

ಐದು ವರ್ಷದ ಭೂಮಿಕಾಳ ತಾಯಿ ದೇವಿಕಾ ಮಾನ್ವಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ನಸುಕಿನ ಬಸ್ಸು ಹಿಡಿದು ಹೋದರೆ ಮರಳುವುದು ಮಧ್ಯಾಹ್ನದ ಮೇಲೆ. ಗಂಡ ನಿಂಗರಾಜ ಲಾರಿ ಡ್ರೈವರ್, ವಾರಗಟ್ಟಲೆ ಊರಲ್ಲಿರುವುದಿಲ್ಲ. ಎರಡು ವರ್ಷದಿಂದ ಮಗು ಹೀರಾಬಿಯ ಮಡಿಲಲ್ಲೇ ಬೆಳೆದಿತ್ತು. ಯುಗಾದಿ ಮುಗಿದ ಮೇಲೊಂದು ದಿನ ಹೆಗಲ ಮೇಲೆ ಕಂಬಳಿ ಹೊತ್ತ ವೃದ್ಧರೊಬ್ಬರು ಬಂದು, ತಾನು ಮಗುವಿನ ಅಜ್ಜ, ಕರೆದುಕೊಂಡು ಹೋಗುತ್ತೇನೆ ಎಂದರು. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಕುರಿಗಾರ ಮುದುಕಪ್ಪ, ನಿಂಗರಾಜನ ತಂದೆ. ಹೀರಾಬಿ ಅವರನ್ನು ಎಂದೂ ಕಂಡಿರಲಿಲ್ಲ. ದೇವಿಕಾಗೆ ಫೋನ್ ಹಚ್ಚಿದರೆ ಎತ್ತಲಿಲ್ಲ. ಡ್ಯೂಟಿಯ ಹೊತ್ತಿನಲ್ಲಿ ಫೋನು ಕಪಾಟಿನಲ್ಲಿರುತ್ತದೆ.

ಮಗು ಒಳಗಿನಿಂದ "ಅಜ್ಜಾ" ಎಂದು ಕೂಗಿತು. ಮುದುಕಪ್ಪ ಕೇಳಿದರು: "ಕೂಸೇ ಗುರುತು ಹಿಡೀತಲ್ಲಬೇ, ಇನ್ನೇನು ಬೇಕು ನಿನಗ?"

"ಐಸ್‌ಕ್ಯಾಂಡಿ ಮಾರೋನಿಗೂ ಅಜ್ಜ ಅಂತದ ಅದು. ಅವರವ್ವ ಹೇಳ್ಲಿ, ಕೊಡ್ತೀನಿ. ಅಲ್ಲೀತನ ಕುಂದ್ರು ಯಪ್ಪಾ."

ಹೀರಾಬಿ ನೀರು ಕೊಟ್ಟರು, ರೊಟ್ಟಿ ಕೊಟ್ಟರು. ಮಗುವನ್ನು ಮಾತ್ರ ಕೊಡಲಿಲ್ಲ. ದೇವಿಕಾ ಬರುವವರೆಗೂ ಮುದುಕಪ್ಪ ಹೊರಗಿನ ಕಟ್ಟೆಯ ಮೇಲೆ ಉರಿಬಿಸಿಲಿನಲ್ಲಿ ಕುಳಿತಿದ್ದರು. ರೊಟ್ಟಿ ಮುಟ್ಟಲಿಲ್ಲ. "ನನ್ನ ಮೊಮ್ಮಗಳನ್ನ ಮುಟ್ಟಾಕ ಈಕಿನ್ನ ಕೇಳ್ಬೇಕಾ?" ಎಂದು ಸೊಸೆಯ ಮುಂದೆ ಗುಡುಗಿ ಹೊರಟುಹೋದರು. ನಿಂಗರಾಜ ಫೋನಿನಲ್ಲೇ ಕೂಗಾಡಿದರು. ಮರುವಾರದಿಂದ ಭೂಮಿಕಾ ಶಾಲೆಯ ಶಿಬಿರಕ್ಕೆ ಹೋಗತೊಡಗಿದಳು. ಖರ್ಚೂ ಅರ್ಧವಾಯಿತು, ಮನೆಯ ಜಗಳವೂ ನಿಂತಿತು.

ಮೇ ಮೊದಲ ವಾರದ ಒಂದು ಮಧ್ಯಾಹ್ನ ದೇವಿಕಾ ಹೀರಾಬಿಯ ಬಾಗಿಲಿಗೆ ಓಡಿ ಬಂದರು. ಹಿಂದೆ ಶಾಲೆಯ ವ್ಯವಸ್ಥಾಪಕ, ಅವನ ಹಿಂದೆ ಶಿಬಿರದ ಆಯಾ ಯಮನಮ್ಮ. ಭೂಮಿಕಾ ಶಿಬಿರದಲ್ಲಿ ಇರಲಿಲ್ಲ. ಯಾರೋ ಕರೆದುಕೊಂಡು ಹೋಗಿದ್ದರು. ಯಾರೆಂದು ಕೇಳಿದರೆ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನಮ್ಮ ಮೇಲೆ ಇಲ್ಲದ್ದೆಲ್ಲ ಹಬ್ಬಿಸಿದಾಕಿ ಈಕೀನೇ. ಮೊದಲು ಇಲ್ಲಿ ಕೇಳ್ರಿ," ಎಂದ ವ್ಯವಸ್ಥಾಪಕ.

ದೇವಿಕಾಳ ಕಣ್ಣು ಹೀರಾಬಿಯ ಭುಜದ ಮೇಲಿಂದ ಕೋಣೆಯ ಒಳಗೆ ಹುಡುಕುತ್ತಿತ್ತು. ಎರಡು ವರ್ಷ ಮಗುವನ್ನು ಒಪ್ಪಿಸಿ ಹೋದವಳ ಕಣ್ಣು. ಹೀರಾಬಿ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದರು.

"ಒಳಗ ಬಾರವ್ವ. ಪೆಟ್ಟಿಗಿ ಹಿಂದೂ ನೋಡು, ಬಚ್ಚಲಾಗೂ ನೋಡು. ಅನುಮಾನ ಬಂದ್ರ ನೋಡ್ಬೇಕು. ನಿನ್ನ ಜಾಗದಾಗ ನಾನಿದ್ರೂ ನೋಡ್ತಿದ್ದೆ."

ದೇವಿಕಾ ಒಳಹೊಕ್ಕು ನೋಡಿ, ಹೊರಬಂದು ಹೊಸ್ತಿಲಲ್ಲಿ ಕುಳಿತರು. ಹೀರಾಬಿ ಆಯಾಳ ಕಡೆ ತಿರುಗಿದರು. "ಯಮನಮ್ಮ, ಕೂಸು ಅತ್ಕೊಂತ ಹೋತೋ, ನಕ್ಕೊಂತ ಹೋತೋ?"

"ನಕ್ಕೊಂತ ಓಡಿ ಹೋತ್ರೀ. ಯಾರೋ ವಯಸ್ಸಾದವರು. ಬಿಡೋ ಹೊತ್ತಿನಾಗ ಗದ್ದಲ ಇತ್ತು, ನಾನೊಬ್ಬಾಕಿ ಎಷ್ಟು ಮಂದಿನ್ನ ಕೇಳ್ಲಿ? ಇಂಥಾ ಬಿಸಿಲಾಗ ಹೆಗಲ ಮ್ಯಾಲೆ ಕಂಬಳಿ ಹಾಕ್ಕೊಂಡಿದ್ರು."

ದೇವಿಕಾ ತಲೆ ಎತ್ತಿದರು. "ನಮ್ಮ ಮಾವ."

ಮುದುಕಪ್ಪನ ಬಳಿ ಫೋನಿಲ್ಲ. ಜಾಲಹಳ್ಳಿಯ ಕಿರಾಣಿ ಅಂಗಡಿಗೆ ಫೋನ್ ಮಾಡಿದರೆ, ಅವರಿನ್ನೂ ಊರಿಗೆ ಬಂದಿಲ್ಲ ಎಂಬ ಉತ್ತರ. ನಿಜವಾಗಿ ಅವರೇ ಹೌದೋ ಅಲ್ಲವೋ ಎಂಬ ಹೆದರಿಕೆ ಇನ್ನೂ ಇತ್ತು. ಹೀರಾಬಿ ದೇವಿಕಾಳ ಕೈ ಹಿಡಿದು ಅದೇ ಕಟ್ಟೆಯ ಮೇಲೆ ಕುಳಿತರು. ಬಹಳ ಹೊತ್ತಿನ ಮೇಲೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ದೇವದುರ್ಗ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಒಬ್ಬರ ಫೋನು ಇಸಿದುಕೊಂಡು ಮುದುಕಪ್ಪ ಮಾತನಾಡಿದರು. ಮಗು ತಮ್ಮ ಜೊತೆಗಿದೆ, ರಾಯಚೂರಿನ ಬಸ್ಸು ಹತ್ತುತ್ತಿದ್ದೇವೆ, ವಾಪಸ್ ಬರುತ್ತೇವೆ ಎಂದರು.

ಹೊತ್ತು ಮುಳುಗುವಾಗ ಅಜ್ಜ ಮೊಮ್ಮಗಳು ಓಣಿಯ ತಿರುವಿನಲ್ಲಿ ಕಂಡರು. ಹೀರಾಬಿ ಮೊದಲು ಮಗುವಿನ ಹಣೆ ಮುಟ್ಟಿ ನೋಡಿ ನೀರು ಕುಡಿಸಿದರು. ಹೊಸದಾಗಿ ಹುಟ್ಟಿದ ಕುರಿಮರಿಗಳನ್ನು ಮೊಮ್ಮಗಳಿಗೆ ತೋರಿಸುವ ಆಸೆಗೆ ಕರೆದೊಯ್ದದ್ದಂತೆ. ಸೊಸೆಗೆ ಊರಿನಿಂದ ಹೇಳಿಸಿದರಾಯಿತು ಎಂದುಕೊಂಡಿದ್ದರಂತೆ. ಮುಂದಿನದನ್ನು ಮುದುಕಪ್ಪ ಸೊಸೆಗೆ ಹೇಳುತ್ತಿದ್ದರೂ ಎಲ್ಲರಿಗೂ ಕೇಳುವಂತೆ ಹೇಳಿದರು.

"ಗೇಟಿನಾಗ ನಿಂತು ಭೂಮಿ ಅಂದೆ. ಕಳಿಸೇಬಿಟ್ರು. ನಿನ್ನ ಹೆಸರೇನು ಅನ್ಲಿಲ್ಲ, ಯಾವೂರು ಅನ್ಲಿಲ್ಲ. ನನಗ ಭಾಳ ಖುಷಿ ಆತು, ಮರ್ಯಾದಿ ಕೊಟ್ರು ಅಂತ. ಬಸ್ಸಿನಾಗ ಕೂಸು ನನ್ನ ತೊಡಿ ಮ್ಯಾಲೆ ನಿದ್ದಿ ಹತ್ತಿತು. ಆವಾಗ ಹೊಳೀತು ನೋಡು. ನಾನು ಅಜ್ಜ ಅಲ್ದ ಬ್ಯಾರೆ ಯಾವನರೆ ಆಗಿದ್ರೂ ಹಿಂಗ ಕೊಡ್ತಿದ್ರಲ್ಲ ಅಂತ. ದೇವದುರ್ಗದಾಗ ಇಳ್ದುಬಿಟ್ಟೆ."

ಹೀರಾಬಿಯ ಮುಖ ನೋಡದೆ ಸೊಸೆಗೆ ಅಂದರು: "ನಾಳಿಂದ ಕೂಸು ಇಲ್ಲೇ ಬಿಡವ್ವ. ನಿಂಗರಾಜಗ ನಾನು ಹೇಳ್ತೀನಿ."

"ನಿಮ್ಮ ಮುಖ ಈಗ ಗುರುತಾತು ಯಪ್ಪಾ," ಎಂದರು ಹೀರಾಬಿ. "ಆದ್ರೂ ಮುಂದಿನ ಸಲ ದೇವಿಕಾ ಹೇಳಿರ್ಬೇಕು."

ಮುದುಕಪ್ಪ ಮೊದಲ ಸಲ ನಕ್ಕರು.

ಭೂಮಿಕಾ ಮರಳಿದ್ದಾಳೆ. ಉಳಿದ ಮಕ್ಕಳು ಮರಳಿಲ್ಲ. ಶಾಲೆ ಗೇಟಿಗೆ ಒಬ್ಬ ಕಾವಲುಗಾರನನ್ನು ಇಟ್ಟಿದೆ, ಬ್ಯಾನರ್ ಇನ್ನೂ ಹಾಗೇ ಇದೆ, ದರ ಈಗಲೂ ಅರ್ಧವೇ. ಅರ್ಧಕ್ಕೆ ಬಿಡುವ ತಾಯಂದಿರನ್ನು ಹೀರಾಬಿ ದೂರುವುದಿಲ್ಲ. ಮಿಲ್ಲಿನ ಕೂಲಿ ಎಷ್ಟೆಂಬುದು ಅವರಿಗೆ ಗೊತ್ತು. ಏನು ಕಡಿಮೆ ಮಾಡಿದ್ದಾರೆ ಎಂಬ ಅವರ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿದೆ. "ಮಂದಿ ಕಡಿಮಿ ಮಾಡ್ಯಾರ. ಅಷ್ಟು ಕೂಸುಗಳಿಗೆ ಯಮನಮ್ಮ ಒಬ್ಬಾಕಿ. ಪಾಪ, ಆಕಿದೇನು ತಪ್ಪು?"

ಕಳೆದ ವಾರ ಅದೇ ವ್ಯವಸ್ಥಾಪಕ ಬಂದು, ಶಿಬಿರಕ್ಕೇ ಬಂದು ಕೆಲಸ ಮಾಡಿ ಎಂದು ಕೇಳಿದನಂತೆ. ಹೀರಾಬಿ ಒಪ್ಪಿಲ್ಲ. ಈ ಕರೆಯ ಹಿಂದೆ ಏನಿದೆಯೋ ಎಂದು ಇನ್ನೂ ಯೋಚಿಸುತ್ತಿದ್ದಾರೆ. "ಇವತ್ತು ಎಲ್ಲಾರ ಗುರುತು ಕೇಳು ಅಂತಾರ. ನಾಳೆ ಗೇಟಿನಾಗ ಗದ್ದಲ ಆದ್ರ, ಲಗೂನ ಕಳಿಸಬೇ ಅಂತಾರ. ನನ್ನ ಕೈಲಿ ಲಗೂನ ಆಗಂಗಿಲ್ಲ."

ದರ ಇಳಿಸು, ನಾಲಿಗೆ ಸ್ವಲ್ಪ ಮೆತ್ತಗೆ ಮಾಡಿಕೋ, ಮಕ್ಕಳು ಬರುತ್ತಾರೆ ಎಂದು ವಲಿ ಪಾಷಾ ದಿನಾ ಹೇಳುತ್ತಾರೆ. ದರದ ವಿಷಯ ನೋಡೋಣ ಎನ್ನುತ್ತಾರೆ ಹೀರಾಬಿ. ನಾಲಿಗೆಯ ವಿಷಯ ಬಂದರೆ ಕೊಡ ಎತ್ತಿಕೊಂಡು ನೀರಿಗೆ ಹೊರಡುತ್ತಾರೆ.

ಏನಾದರೂ ಆಸೆ ಉಂಟೇ ಎಂದು ಕೇಳಿದರೆ, ಕೂಲರ್ ಅನ್ನುತ್ತಾರೇನೋ ಎಂದು ಕೇಳಿದವರಿಗೆ ಅನಿಸುತ್ತದೆ. ಅವರು ಮುಚ್ಚಿದ ಬಾಗಿಲಿನ ಪಕ್ಕದ ಗೋಡೆ ತೋರಿಸುತ್ತಾರೆ.

"ಇಲ್ಲೊಂದು ಸಣ್ಣ ಕಿಟಕಿ ಇಡಿಸ್ಬೇಕು ಅಂತ ಆಸಿ ಅದ. ದೊಡ್ಡದೇನೂ ಬ್ಯಾಡ. ಬಾಗಿಲು ತೆಗಿಯೋಕಿಂತ ಮೊದ್ಲು ಬಂದವರ ಮುಖ ಕಾಣಿಸಿದ್ರ ಸಾಕು."