ಡ್ರೈಯರಿನ ಒಳಗಿಂದ ಬಂದ ಸದ್ದು

ಐವರ್ನಾಡಿನ ಹತ್ತಿರದ ನಮ್ಮ ರಬ್ಬರ್ ಕಾರ್ಖಾನೆಯಲ್ಲಿ ಆಫೀಸಿಗೆ ಇಮೇಲ್, ಗೇಟಿಗೆ ವಾಕಿಟಾಕಿ, ಕೆಲಸಗಾರರಿಗೆ ವಾಟ್ಸಾಪ್ ಗುಂಪು. ಮೇಲ್ವಿಚಾರಕನಾದ ನಾನು ಬಾಯಿಮಾತನ್ನು ಒಪ್ಪುವವನಲ್ಲ. ಏನಿದ್ದರೂ ಬರಹದಲ್ಲಿರಬೇಕು, ಉತ್ತರ ಕೂಡಲೇ ಬರಬೇಕು.

ಆ ಬೆಳಿಗ್ಗೆ ರಬ್ಬರ್ ಒಣಗಿಸುವ ಡ್ರೈಯರನ್ನು ತೊಳೆಯುತ್ತಿದ್ದರು. ಅದು ಆಳು ನಡೆದು ಹೋಗುವಷ್ಟು ದೊಡ್ಡ ಕೋಣೆ. "ಎಲ್ಲರೂ ಹೊರಗೆ ಬಂದಿರಾ?" ಎಂದು ಗುಂಪಿನಲ್ಲಿ ಕೇಳಿದೆ. ತೊಳೆಯುವವರೆಲ್ಲರ ಹೆಬ್ಬೆರಳಿನ ಚಿತ್ರ ಬಂತು. ಬಾಗಿಲು ಹಾಕಿ, "ಶುರು ಮಾಡುತ್ತೇನೆ" ಎಂದು ಬರೆದು, ಸ್ವಿಚ್ಚಿನ ಮೇಲೆ ಕೈಯಿಟ್ಟೆ.

ಡ್ರೈಯರಿನ ಒಳಗಿಂದ 'ಟಿಂಗ್' ಎಂದು ಕೇಳಿಸಿತು.

ಸ್ವಿಚ್ಚಿನಿಂದ ಕೈ ತೆಗೆದೆ. ಓಡಿ ಹೋಗಿ ಚಿಲಕ ಎಳೆದೆ. ಬಾಗಿಲು ತೆಗೆದಾಗ, ಮೂಲೆಯಲ್ಲಿ ಪೊರಕೆ ಹಿಡಿದುಕೊಂಡು ದಾಮೋದರ ಮೊಬೈಲ್ ನೋಡುತ್ತಿದ್ದ.

"ಒಳಗೇ ಇದ್ದು ಹೆಬ್ಬೆರಳು ಯಾಕೆ ಒತ್ತಿದ್ದು ಮಾರಾಯಾ?"

"ಓದ್ಲಿಕ್ಕೆ ಕನ್ನಡಕ ಇಲ್ಲ ಸಾರ್. ಒತ್ತದಿದ್ರೆ ನೀವು ಬೈಯುದಲ್ವಾ?"

ಹೆಬ್ಬೆರಳು ಉತ್ತರವಲ್ಲ ಎಂದು ಅಂದೇ ಗುಂಪಿನಲ್ಲಿ ಆದೇಶ ಹಾಕಿದೆ. ಅದಕ್ಕೂ ಎಲ್ಲರ ಹೆಬ್ಬೆರಳು ಬಂತು, ದಾಮೋದರನದ್ದೇ ಮೊದಲು.

ಈಗ ಸ್ವಿಚ್ ಒತ್ತುವ ಮುಂಚೆ ನಾನೇ ಡ್ರೈಯರಿನ ಒಳಗೆ ಹೋಗಿ ನೋಡಿ ಬರುತ್ತೇನೆ, ಫೋನಿನ ಸದ್ದನ್ನು ಜೋರಾಗಿಟ್ಟುಕೊಂಡು.