ತಪಾಸಣೆಯ ಗುರುತು ಹಾಕದ ಬಿಲ್ಲು

ತೊಂಬತ್ತರ ದಶಕದ ಕೊನೆಗೆ ನಾನು ಸೇಡಂನ ಒಂದು ಖಾಸಗಿ ದವಾಖಾನೆಯಲ್ಲಿ ಬಿಲ್ಲು ಬರೆಯುತ್ತಿದ್ದೆ. ಸಮೀಪದ ಕಾರ್ಖಾನೆಯೊಂದರ ಕಾರ್ಮಿಕರೂ ಅವರ ಹೆಂಡಂದಿರೂ ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಿದ್ದರು. ರಕ್ತ, ಎಕ್ಸ್‌ರೇ ಎಲ್ಲ ಸೇರಿ ಖರ್ಚು ದೊಡ್ಡದು, ಅದಷ್ಟೂ ಕಾರ್ಖಾನೆಯದೇ. ಚಿಕಿತ್ಸೆಯಾದರೆ ಮಾತ್ರ ಒಂದು ಪಾಲು ಕಾರ್ಮಿಕನ ಪಗಾರದಲ್ಲಿ ಕಡಿತವಾಗುತ್ತಿತ್ತು. ಹಾಗಾಗಿ ಬಿಲ್ಲಿನಲ್ಲಿ ತಪಾಸಣೆಯ ಮುಂದೆ ಅದರದೇ ಗುರುತು ಹಾಕಬೇಕು. ಅದೇ ದಿನ ರೋಗ ಕಂಡು ಔಷಧ ಕೊಟ್ಟರೆ ಅದನ್ನು ಬೇರೆ ಸಾಲಿನಲ್ಲಿ ಬರೆಯಬೇಕು. ನನಗಿದ್ದ ಕೆಲಸ ಇಷ್ಟೇ.

ಚಿಂಚೋಳಿ ಕಡೆಯ ಒಬ್ಬ ಹೆಣ್ಣುಮಗಳಿಗೆ ತಪಾಸಣೆಯಲ್ಲಿ ಸಕ್ಕರೆ ಕಾಯಿಲೆ ಇರುವುದು ತಿಳಿಯಿತು. ಊಟದ ಹೊತ್ತಾಗಿತ್ತು. ಎಲ್ಲವನ್ನೂ ಒಂದೇ ಸಾಲಿನಲ್ಲಿ ಚಿಕಿತ್ಸೆ ಎಂದು ಬರೆದು ಕಳಿಸಿಬಿಟ್ಟೆ. ಮುಂದಿನ ತಿಂಗಳು ಅವಳ ಗಂಡ ಪಗಾರದ ಚೀಟಿ ಹಿಡಿದು ಬಂದ.

"ಜಡ್ಡು ಹುಡುಕಿದವ್ರು ನೀವು, ರೊಕ್ಕ ಕೊಡಾವ್ರು ನಾವೇನ್ರಿ?"

ನೋಡಿದ ಕೂಡಲೇ ನನ್ನ ತಪ್ಪು ತಿಳಿಯಿತು. ಬಿಲ್ಲು ತಿದ್ದಿ ಕಳಿಸಿದ್ದರೆ ಹಣ ಮರಳುತ್ತಿತ್ತು. ಆದರೆ ಅದಕ್ಕೆ ಡಾಕ್ಟರ ಸಹಿ ಬೇಕು, ಅವರ ಮುಂದೆ ತಲೆ ತಗ್ಗಿಸಬೇಕು. ಅವನ ಹಿಂದೆ ಸರದಿಯಲ್ಲಿ ನಿಂತವರೂ ಕೇಳಿಸಿಕೊಳ್ಳುತ್ತಿದ್ದರು.

"ತಪಾಸಣ್ಯಾಗ ಜಡ್ಡು ಸಿಕ್ಕರ ತಪಾಸಣಿ ಖರ್ಚೂ ಪಗಾರದಾಗ ಕಟ್ ಆಗ್ತದಪ್ಪ. ಕಾಯ್ದೆನೇ ಹಂಗದ" ಎಂದೆ.

ಅವನು ಹೋದ. ಆ ಮಾತು ಕಾರ್ಮಿಕರ ಮನೆಮನೆಗೂ ಹೋಯಿತು. ಮರುವರ್ಷ ತಪಾಸಣೆಗೆ ಬಂದ ಹೆಂಗಸರು ಡಾಕ್ಟರು ಏನು ಕೇಳಿದರೂ ಆರಾಮ ಇದ್ದೇವೆ ಎಂದರು. ಕೆಮ್ಮು ಬಂದರೆ ಸೆರಗಿನಲ್ಲಿ ಅದುಮಿಕೊಂಡರು. ಈ ಸಲ ಎಲ್ಲರೂ ಗಟ್ಟಿಯಾಗಿದ್ದಾರಲ್ಲ ಎಂದು ಡಾಕ್ಟರು ನಕ್ಕರು. ಕಾರಣ ಗೊತ್ತಿದ್ದೂ ನಾನು ಅವರ ಜೊತೆ ನಕ್ಕೆ.

ಕೆಲವು ವರ್ಷಗಳ ಮೇಲೆ ಸೇಡಂ ಬಸ್ ನಿಲ್ದಾಣದಲ್ಲಿ ಆ ಹೆಣ್ಣುಮಗಳು ಸಿಕ್ಕಳು. ಬಲಗಾಲಿನಲ್ಲಿ ಬೆರಳುಗಳಿರಲಿಲ್ಲ. ನನ್ನನ್ನು ಕಂಡು ಸರಿದು ಜಾಗ ಮಾಡಿದಳು.

"ಬರ್ರಿ ಅಣ್ಣಾರ, ಕುಂದ್ರಿ."

ಕಾಲಿಗೇನಾಯಿತು ಎಂದು ಕೇಳಿದೆ.

"ಎರಡನೇ ವರ್ಷ ತಪಾಸಣಿಗಿ ಬಂದಾಗೇ ಗಾಯ ಇತ್ರಿ. ತೋರಿಸಿದ್ರ ತಪಾಸಣಿ ಖರ್ಚೂ ಪಗಾರದಾಗ ಕಟ್ ಆಗ್ತದಂತ ನೀವು ಮೊದಲೇ ಹೇಳಿದ್ರಲ್ಲ. ಸೀರಿ ಅಂಚು ಇಳಿಬಿಟ್ಟು ನಿಂತಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಮುನ್ನೆಚ್ಚರಿಕೆ ಕೊಟ್ಟು ಒಳ್ಳೆಯದು ಮಾಡಿದೆನೆಂದೇ ತಿಳಿದಿದ್ದಳು. ಅಂಥ ಕಾಯ್ದೆ ಇರಲೇ ಇಲ್ಲ ಎಂದು ಹೇಳಬೇಕಿತ್ತು. ಚಿಂಚೋಳಿ ಬಸ್ಸು ಬಂದು ನಿಂತಿತ್ತು, ಹೊರಡಲು ಇನ್ನೂ ಹೊತ್ತಿತ್ತು. ನಾನು ಅವಳ ಚೀಲ ಎತ್ತಿ ಒಳಗಿಟ್ಟೆ. ಬಾಗಿಲ ಕಂಬಿ ಹಿಡಿದು ಕಷ್ಟಪಟ್ಟು ಹತ್ತಿದ ಅವಳು ತಿರುಗಿ, "ಭಾಳ ಉಪಕಾರ ಆತ್ರಿ" ಎಂದಳು.