ಖಾನಾವಳಿ ಮರೆಪ್ಪ
ವಿಜಯಪುರದ ಈ ದವಾಖಾನೆಗೆ ಪೇಷಂಟ್ ಕರೆತಂದವರು ಯಾರೇ ಆಗಲಿ, ಹಸಿವಾದರೆ ಮೊದಲು ಹುಡುಕುವುದು ಬಿಜ್ಜರಗಿಯ ಮರೆಪ್ಪನನ್ನು. ಹೆಂಡತಿ ಪರಸವ್ವನ ಕರುಳಿನ ಆಪರೇಷನ್ನಿಗೆಂದು ಬಂದು ಮೂರು ವಾರವಾಗಿದೆ. ಅಷ್ಟರಲ್ಲೇ ಸುತ್ತಲಿನ ಓಣಿಗಳ ಅಗ್ಗದ ಖಾನಾವಳಿಗಳೆಲ್ಲ ಅವನಿಗೆ ಬಾಯಿಪಾಠ. ಎಲ್ಲಿ ಅರವತ್ತು ರೂಪಾಯಿಗೆ ಹೊಟ್ಟೆ ತುಂಬ ರೊಟ್ಟಿ ಕೊಡುತ್ತಾರೆ, ಎಲ್ಲಿ ಎರಡನೇ ಸಲ ಪಲ್ಯ ಕೇಳಿದರೆ ಮಾಲಕ ಮುಖ ಗಂಟು ಹಾಕುತ್ತಾನೆ, ಎಲ್ಲ ಹೇಳುತ್ತಾನೆ. "ಬೋರ್ಡ್ ನೋಡಬ್ಯಾಡ್ರಿ, ಬಾಗಲದಾಗ ನಿಂತು ರೊಟ್ಟಿ ಬಡಿಯೋ ಸಪ್ಪಳ ಕೇಳ್ರಿ. ಸಪ್ಪಳ ಇಲ್ಲಂದ್ರ ಮುಂಜಾನಿ ರೊಟ್ಟಿ, ಮುಂದ ನಡೀರಿ!" ತಾನು ಮಾತ್ರ ಎಷ್ಟೇ ರುಚಿ ಹತ್ತಿದರೂ ಒಂದೇ ಕಡೆ ಎರಡು ದಿನ ಉಣ್ಣುವವನಲ್ಲ. ಉಂಡ ಮೇಲೆ ಸಾಬೂನನ್ನೂ ಮುಟ್ಟುವುದಿಲ್ಲ. ಕೈಗೆ ಒಂದಿಷ್ಟು ನೀರು ತೋರಿಸಿ ವಾರ್ಡಿಗೆ ಓಡುತ್ತಾನೆ. ಎಂಥ ಗಮಾರ ಎಂದು ನಾನೂ ನಕ್ಕಿದ್ದೆ. ನಿನ್ನೆ ನಮ್ಮವ್ವನಿಗೆ ಪರಸವ್ವನ ಪಕ್ಕದ ಹಾಸಿಗೆಯೇ ಸಿಕ್ಕಿತು. ಪರಸವ್ವ ಬರೀ ಸಲೈನ್ ಮೇಲಿದ್ದಾಳೆ, ಬಾಯಿಗೆ ಇನ್ನೂ ಏನೂ ಕೊಡುವಂತಿಲ್ಲ. ಮರೆಪ್ಪ ಉಂಡು ಬಂದವನೇ ಬಲಗೈಯನ್ನು ಅವಳ ಮೂಗಿನ ಹತ್ತಿರ ಹಿಡಿದ. ಅವಳು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದು, "ಪುಂಡಿಪಲ್ಯ," ಎಂದಳು. "ಬಳ್ಳೊಳ್ಳಿ ಕಡಿಮಿ ಹಾಕ್ಯಾರ. ನಾಳೆ ಬದನಿಕಾಯಿ ಮಾಡಿದ ಕಡೆ ಉಂಡು ಬರ್ರಿ."